ಎಮ್ಮೆ ಎಲ್ಲಿ ಸಾರ್?

ಫೆಬ್ರವರಿ ನಡುವಿನ ಒಂದು ಭಾನುವಾರ. ಬೆಳಿಗ್ಗೆ 6:50. ರಾಯಚೂರು ಕೋಟೆಯ ಒಳಗೋಡೆಯ ಉದ್ದನೆಯ ಶಾಸನದ ಕಲ್ಲಿನ ಮುಂದೆ 31 ಪ್ಯಾಕ್ಸ್ (ಟೂರಿನ ಭಾಷೆಯಲ್ಲಿ ಗೆಸ್ಟ್‌ಗಳು) ನಿಂತಿದ್ದಾರೆ. ಕೈಯಲ್ಲಿ ಟಾರ್ಚ್ ಇದೆ, ಟಾರ್ಚ್ ಉರಿಯುತ್ತಲೂ ಇದೆ, ಆದರೆ ಕಲ್ಲಿನ ಮೇಲೆ ಏನೂ ಕಾಣುತ್ತಿಲ್ಲ. ಹತ್ತು ವರ್ಷದ ಹುಡುಗನೊಬ್ಬ ಮುಂದೆ ಬಂದು, ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಕೇಳಿದ: "ಎಮ್ಮೆ ಎಲ್ಲಿ ಸಾರ್?"

ದಾರಿಯುದ್ದಕ್ಕೂ ಎಮ್ಮೆ ತೋರಿಸುತ್ತೇನೆ ಅಂತ ಹೇಳಿಕೊಂಡು ಬಂದವನು ನಾನೇ, ಈ ವಾಕಿನ ಗೈಡ್.

ಆ ಕಲ್ಲು ಗೊತ್ತಿಲ್ಲದವರಿಗೆ: ಕೋಟೆಯ ಒಳಸುತ್ತಿನ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಬಂಡೆ. ಅದರ ಮೇಲೆ ತೆಲುಗು ಶಾಸನ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ವಿಠಲನಾಥನ ಅಪ್ಪಣೆಯಂತೆ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದು ಅದರಲ್ಲಿದೆ. ಬಂದವರ ಬಾಯಿ ಮುಚ್ಚಿಸೋದು ಮಾತ್ರ ಶಾಸನ ಅಲ್ಲ, ಪಕ್ಕದ ಗೆರೆಚಿತ್ರ. ಇದೇ ಕಲ್ಲನ್ನು ಗಣಿಯಿಂದ ಬಂಡಿಯ ಮೇಲೆ ಹೇರಿ, ಸಾಲುಗಟ್ಟಿದ ಎಮ್ಮೆ-ಕೋಣಗಳಿಂದ ಎಳೆಸುತ್ತಿರುವುದು, ಹಿಂದಿನಿಂದ ಆಳುಗಳು ಗಾಲಿಗೆ ಸನ್ನೆಕೋಲು ಹಾಕಿ ನೂಕುತ್ತಿರುವುದು, ಜೊತೆಗಿದ್ದವರು ಹುರಿದುಂಬಿಸುತ್ತಿರುವುದು. 41 ಅಡಿ ಕಲ್ಲು ಇಲ್ಲಿಗೆ ಹೆಂಗ್ ಬಂತು ಅನ್ನೋ ಪ್ರಶ್ನೆಗೆ ಉತ್ತರವನ್ನು ತಂದವರೇ ಕಲ್ಲಿನ ಮೇಲೆ ಕೊರೆದಿಟ್ಟು ಹೋಗಿದ್ದಾರೆ. ಗೈಡ್ ಬಾಯಿಬಿಡುವ ಅಗತ್ಯವೇ ಇಲ್ಲ.

ಅಗತ್ಯ ಬೀಳೋದು ಬೆಳಕು ತಪ್ಪಿದಾಗ. ಅವು ತೆಳು ಗೆರೆಗಳು, ಉಬ್ಬುಶಿಲ್ಪ ಅಲ್ಲ. ಗೆರೆಯ ಒಳಗೆ ನೆರಳು ಬಿದ್ದರಷ್ಟೇ ಕಾಣುತ್ತವೆ. ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಬೆಳ್ಳಗಾಗುತ್ತದೆ, ಅಷ್ಟೇ. ಟಾರ್ಚನ್ನು ಗೋಡೆಗೆ ಒತ್ತಿದ ಹಾಗೆ ಹಿಡಿದು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವಂತೆ ಬಿಡಬೇಕು. ಚಿತ್ರದಿಂದ ಒಂದು ಮೊಳ ದೂರ, ಪಕ್ಕದಿಂದ. ಆಗ ಮೊದಲು ಕೊಂಬು ಎದ್ದು ಬರುತ್ತದೆ, ಆಮೇಲೆ ಗಾಲಿ. ನಿಧಾನಕ್ಕೆ ಟಾರ್ಚ್ ಸರಿಸುತ್ತಾ ಹೋದರೆ ಎಮ್ಮೆಗಳು ಒಂದೊಂದಾಗಿ ನಡೆದುಬಂದಂತೆ ಕಾಣುತ್ತವೆ. ಇದಕ್ಕೆ ಸುತ್ತಲೂ ಕತ್ತಲಿರಬೇಕು. ಫೆಬ್ರವರಿ ನಡುವಿಗೆ ನಮ್ಮಲ್ಲಿ ಸೂರ್ಯ ಹುಟ್ಟೋದು ಸುಮಾರು 6:45ಕ್ಕೆ, ಆದರೆ 6:25ಕ್ಕೆಲ್ಲ ಬೆಳಕು ಹರಿದುಬಿಡುತ್ತದೆ. ಅಂದರೆ ಕಲ್ಲಿನ ಮುಂದೆ 6:05ಕ್ಕೆ ನಿಂತಿರಬೇಕು. ಇರೋದು ಇಪ್ಪತ್ತು ನಿಮಿಷ. ಆಫೀಸಿನ ಶೀಟಿನಲ್ಲಿ ಇದೇ ಜಾಗಕ್ಕೆ "8:00, ಫೋಟೋ ಸ್ಟಾಪ್" ಅಂತಿದೆ. ಶೀಟ್ ಮಾಡಿದವರು ಈ ಕಲ್ಲನ್ನು ಗೂಗಲ್‌ನಲ್ಲಷ್ಟೇ ನೋಡಿದ್ದಾರೆ.

ತಡವಾಗಿದ್ದು ಮಿರ್ಚಿಯಿಂದ.

ನಮ್ಮ ವಾಕಿಗೆ ಬ್ಯಾಚಿಗೆ ಸುಮಾರು 15 ಪ್ಯಾಕ್ಸ್. ಹಿಂದಿನ ರಾತ್ರಿ 9:40ಕ್ಕೆ ಆಪರೇಶನ್ಸ್‌ನಿಂದ ಮೆಸೇಜ್: ಎರಡು ಬ್ಯಾಚ್ ಕ್ಲಬ್ ಮಾಡಿದ್ದೇವೆ, 31, ಟೇಲ್‌ಗೆ ಬೇರೆ ಹುಡುಗ ಇಲ್ಲ (ಗುಂಪಿನ ಕೊನೆಯಲ್ಲಿ ನಡೆಯುವವನು), ಮ್ಯಾನೇಜ್ ಮಾಡಿ. ಜೊತೆಗೆ ಇನ್ನೊಂದು ಸಾಲು: ಗೆಸ್ಟ್‌ಗಳು ರಾತ್ರಿ ಬಸ್ಸಿಗೆ ಬರ್ತಿದಾರೆ, ಹಸಿದಿರ್ತಾರೆ, ಟೇಸ್ಟಿಂಗ್ ಮೊದಲು ಇಡಿ. ಮ್ಯಾನೇಜ್‌ಮೆಂಟಿನ ತಪ್ಪು ಇಲ್ಲಿಗೆ ಮುಗಿಯಿತು. ಟೇಸ್ಟಿಂಗ್ ಮೊದಲು ಅಂದದ್ದಕ್ಕೆ "ಓಕೆ" ಅಂತ ಒತ್ತಿದ್ದು ನನ್ನ ಬೆರಳು. 5:30 ರಿಪೋರ್ಟಿಂಗ್, 5:40ಕ್ಕೆ ಬಸ್ ಸ್ಟ್ಯಾಂಡ್ ಕಡೆಯ ಮಿರ್ಚಿ ಬಂಡಿ, ತಿನ್ನಲು ಹದಿನೈದು ನಿಮಿಷ, 6:05ಕ್ಕೆ ಕಲ್ಲು. ತಿನ್ನಲು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದ್ದೆ. ಕರಿಯಲು ಎಷ್ಟು ಹೊತ್ತು ಅನ್ನೋದು ಲೆಕ್ಕದಲ್ಲೇ ಇರಲಿಲ್ಲ.

ಈಗ ಆ ಲೆಕ್ಕ ಬಾಯಿಪಾಠ ಆಗಿದೆ. ಬಂಡಿಯ ಬಾಣಲೆಗೆ ಒಂದು ಒಬ್ಬೆಗೆ 14 ಮಿರ್ಚಿ. ಉದ್ದನೆಯ, ತಿಳಿಹಸಿರು, ಖಾರ ಕಮ್ಮಿಯ ಕಾಯಿ. ಅದನ್ನು ಸೀಳಿ ಒಳಗೆ ಹುಣಸೆ, ಉಪ್ಪು, ಅಜವಾನದ ಮಸಾಲೆ ಸವರಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಬಿಡೋದು. ಒಬ್ಬೆಗೆ ಐದು ನಿಮಿಷ, ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ. 31 ಜನಕ್ಕೆ ತಲಾ ಎರಡರಂತೆ 62 ಮಿರ್ಚಿ. ನಾಲ್ಕೂವರೆ ಒಬ್ಬೆ, ಅಂದರೆ ಐದು. ಐದಾರ್ಲೆ ಮೂವತ್ತು ನಿಮಿಷ. ಅದೂ ಬಂಡಿಗೆ ಬೇರೆ ಗಿರಾಕಿಯೇ ಇಲ್ಲದಿದ್ದರೆ. ಬೆಳಿಗ್ಗೆ ಐದೂವರೆಗೆ ಡ್ಯೂಟಿಗೆ ಹೋಗೋ ಕಂಡಕ್ಟರುಗಳು, ಪಾರ್ಸಲ್ಲಿನವರು ಮೊದಲೇ ನಿಂತಿರುತ್ತಾರೆ. ಅವರನ್ನು ಹಿಂದೆ ನಿಲ್ಲಿಸಿ ಟೂರಿನವರಿಗೆ ಕೊಡುವ ಬಂಡಿಯವನು ನಾಳೆ ಬಂಡಿ ಹಚ್ಚೋದಿಲ್ಲ. ಅದು ಸರಿ ಕೂಡ.

"ಕಾಕಾ, ಇಪ್ಪತ್ತು ಹಾಕ್ರಿ ಒಂದೇ ಸಲ," ಅಂದೆ, ಎರಡನೇ ಒಬ್ಬೆ ಏಳುವ ಹೊತ್ತಿಗೆ. ಕಾಕಾ ಝಾರಾ ಎತ್ತಿ ನನ್ನ ಮುಖ ನೋಡಿದರು. "ಇಪ್ಪತ್ ಹಾಕಿದ್ರ ಎಣ್ಣಿ ತಣ್ಣಗಾಗ್ತದ ತಮ್ಮಾ. ಹಿಟ್ಟು ಎಣ್ಣಿ ಕುಡೀತದ. ಆಮ್ಯಾಲ ನಿನ್ ಮಂದಿ ಗುಡ್ಡ ಹತ್ತಂಗಿಲ್ಲ, ನನ್ ಬಂಡಿ ಮುಂದನ ಕುಂದರ್ತಾರ." ಮಾತು ನೂರಕ್ಕೆ ನೂರು ನಿಜ. ಬಾಣಲೆ ತುಂಬಿಸಿದರೆ ಎಣ್ಣೆಯ ಕಾವು ಇಳಿಯುತ್ತದೆ, ಹೊರಪದರ ಬಿಗಿಯುವ ಮೊದಲೇ ಎಣ್ಣೆ ಒಳಗೆ ಇಳಿಯುತ್ತದೆ, ಮಿರ್ಚಿ ಸ್ಪಂಜಿನ ಹಾಗೆ ಆಗುತ್ತದೆ. ಉರಿ ದೊಡ್ಡದು ಮಾಡಿದರೆ ಮೇಲೆ ಕೆಂಪಾಗಿ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಅವಸರಕ್ಕೆ ಅಲ್ಲಿ ಮೂರನೇ ದಾರಿ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಒಳ್ಳೆಯದಿತ್ತು. ಮಿರ್ಚಿ ತಡ ಆದರೆ ಒಗ್ಗರಣಿಯಾದರೂ ತಿನ್ನಲಿ ಅಂತ 31 ಪ್ಲೇಟಿನ ಮಂಡಾಳು (ಮಂಡಕ್ಕಿ) ಒಗ್ಗರಣಿ ಒಟ್ಟಿಗೇ ಮಾಡಿಸಿದೆ. ಮಂಡಾಳು ನೀರಿಗೆ ಅದ್ದಿ ತಕ್ಷಣ ಹಿಂಡಬೇಕು. ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆಗೆ ಹಾಕಿ ಎರಡು ಸಲ ಮಗುಚಿ, ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಇಳಿಸಬೇಕು. ಇಳಿಸಿದ್ದನ್ನು ಬಿಸಿ ಇರುವಾಗಲೇ ತಿನ್ನಬೇಕು. ಹತ್ತು ನಿಮಿಷ ಬಿಟ್ಟರೆ ಪುಠಾಣಿ ಹಿಟ್ಟು ನೀರು ಹೀರಿ ಎಲ್ಲ ಮುದ್ದೆಯಾಗುತ್ತದೆ. ನಮ್ಮ ಗೆಸ್ಟ್‌ಗಳು ಒಳ್ಳೆಯ ಮನೆತನದವರು. ಮಿರ್ಚಿ ಬರಲಿ, ಜೊತೆಗೇ ತಿನ್ನೋಣ ಅಂತ ಪ್ಲೇಟ್ ಹಿಡಿದು ಕಾದರು. 6:10ಕ್ಕೆ ಇನ್ನೂ ಮೂರನೇ ಒಬ್ಬೆ. 6:20ಕ್ಕೆ ಬೀದಿದೀಪದ ಬೆಳಕಿಗಿಂತ ಆಕಾಶದ ಬೆಳಕು ಹೆಚ್ಚಾಯಿತು. ಅದನ್ನು ನೋಡುತ್ತಾ ನಿಂತಿದ್ದಷ್ಟು ಹೊತ್ತು ಇಡೀ ಸೀಸನ್ನಿನಲ್ಲಿ ಇನ್ನೆಲ್ಲೂ ನಿಂತಿಲ್ಲ. ಹಸಿದವರನ್ನು ಅರ್ಧಕ್ಕೆ ಎಬ್ಬಿಸುವ ಹಾಗಿಲ್ಲ, ತಿಂದವರನ್ನು ಬೇರೆ ಮಾಡಿ ಮುಂದೆ ಕಳಿಸೋಣ ಅಂದರೆ ಟೇಲ್‌ಗೆ ಹುಡುಗ ಇಲ್ಲ. ಬಂಡಿ ಬಿಟ್ಟಿದ್ದು 6:35ಕ್ಕೆ. ಮಧ್ಯೆ ಇಬ್ಬರು ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ. ಹೆಡ್‌ಕೌಂಟ್ ಎರಡು ಸಲ.

ಕಲ್ಲಿನ ಮುಂದೆ ಆ ಹುಡುಗ ಎಮ್ಮೆ ಕೇಳಿದಾಗ ಬೆರಳಿಟ್ಟು ತೋರಿಸಲು ಹೋದೆ. ನನಗೇ ಗಾಲಿ ಸಿಕ್ಕಿತು, ಕೊಂಬು ಸಿಗಲಿಲ್ಲ. ಹಿಂದಿನಿಂದ ಒಬ್ಬರು ನೀರಿನ ಬಾಟ್ಲಿ ಬಿಚ್ಚಿದರು: "ಒದ್ದೆ ಮಾಡಿದ್ರೆ ಕಾಣುತ್ತೆ ಸಾರ್, ನಮ್ಮೂರ ವೀರಗಲ್ಲಿಗೆ ಹಾಗೇ ಮಾಡ್ತೀವಿ." ಕೈ ಹಿಡಿದು ನಿಲ್ಲಿಸಬೇಕಾಯಿತು. ಇದೊಂದನ್ನು ಈ ಕೆಲಸಕ್ಕೆ ಬರುವ ಎಲ್ಲ ಹುಡುಗರಿಗೂ ಮೊದಲ ದಿನವೇ ಹೇಳಬೇಕು: ನೀರು ಬೇಡ, ಎಣ್ಣೆ ಬೇಡ, ಸೀಮೆಸುಣ್ಣ ಮೊದಲೇ ಬೇಡ. ಸುಣ್ಣದ ಪುಡಿ ಗೆರೆಯೊಳಗೆ ಕೂತರೆ ಆ ಗೆರೆ ಮತ್ತೆ ನೆರಳು ಹಿಡಿಯೋದಿಲ್ಲ. ಉಜ್ಜಿ ತೆಗೆಯಲು ಹೋದರೆ ಗೆರೆಯ ಅಂಚೇ ಸವೆಯುತ್ತದೆ. ಸಂರಕ್ಷಿತ ಸ್ಮಾರಕ, ಕೇಸೂ ಆಗುತ್ತದೆ.

ಉಪಾಯ ಕೊಟ್ಟಿದ್ದು ರಾತ್ರಿ ಬಸ್ಸೇ. ಒಬ್ಬ ಅಜ್ಜಿ ಬಸ್ಸಿನಲ್ಲಿ ಹೊದ್ದ ಕರಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದರು. ಅದನ್ನು ಇಸ್ಕೊಂಡು, ಇಬ್ಬರು ಉದ್ದ ಹುಡುಗರಿಂದ ಚಿತ್ರದ ಮೇಲೆ ಚಪ್ಪರದ ಹಾಗೆ ಹಿಡಿಸಿ, ಕಂಬಳಿಯ ಅಂಚು ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು, ಎರಡು ಪಕ್ಕಕ್ಕೂ ಬಿಚ್ಚಿದ ಕೊಡೆ ಅಡ್ಡ ಇಟ್ಟೆವು. ಒಳಗೆ ಕತ್ತಲಾಯಿತು. ಐದೈದು ಜನ ಬಗ್ಗಿ ಒಳಗೆ ಹೋಗೋದು, ಪಕ್ಕದಿಂದ ಟಾರ್ಚ್. ಹುಡುಗ ಮೊದಲ ತಂಡದಲ್ಲಿ. "ಹಾಂ! ಬಂತು, ಬಂತು" ಅಂತ ಒಳಗಿಂದ ಕೂಗಿದ. ಏಳು ತಂಡ ಮುಗಿಯಲು ನಲವತ್ತು ನಿಮಿಷ. ಕಂಬಳಿಗೆ ಎಲ್ಲರೂ ಮಿರ್ಚಿ ಎಣ್ಣೆಯ ಕೈ ಒರೆಸಿದ್ದರು, ಅಜ್ಜಿ ವಾಪಸ್ ತಗೊಳ್ಳುವಾಗ ಮೂಗು ಮುರಿದರು.

ಆಮೇಲಿನದು ಓಟ. ಗೋಡೆಗಳ ಹತ್ತಿರ ಮಾತ್ರ ಓಡಲಿಲ್ಲ. ಒಳಸುತ್ತಿನ ಗೋಡೆ ಚೆನ್ನಾಗಿ ಕೆತ್ತಿ ಹೊಂದಿಸಿದ ದೊಡ್ಡ ಕಲ್ಲುಗಳದು, ನಡುವೆ ಗಾರೆ ಇಲ್ಲ. ಹೊರಸುತ್ತಿನದು ಒರಟು ಕಟ್ಟಡ. ಸುಮ್ಮನೆ "ಕಾಕತೀಯ, ಬಹಮನಿ" ಅಂದರೆ ಯಾರಿಗೂ ನೆನಪಿರೋದಿಲ್ಲ. ಕಲ್ಲಿನ ಸಂದಿಗೆ ಎಟಿಎಂ ಕಾರ್ಡ್ ಹೋಗುತ್ತದಾ ನೋಡಿ ಅಂತ ಹೇಳಿದರೆ ಎರಡೂ ಗೋಡೆ ಅವರಿಗೇ ಬೇರೆ ಬೇರೆ ಕಾಣುತ್ತವೆ. ಅಲ್ಲೇ 1520ರ ಮುತ್ತಿಗೆಯ ಮಾತು. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ ಕೃಷ್ಣದೇವರಾಯ ಈ ಕೋಟೆ ಹಿಡಿದದ್ದನ್ನು ಬರೆದಿಟ್ಟ ಪೋರ್ಚುಗೀಸ್ ನೂನಿಜ್, ಗೋಡೆಗಳು ಸುಣ್ಣವಿಲ್ಲದೆ ಕಟ್ಟಿದವು ಅನ್ನುತ್ತಾನೆ. ಆಳುಗಳು ಹಾರೆ-ಗುದ್ದಲಿಯಿಂದ ಕಲ್ಲು ಕಿತ್ತು ತಂದರೆ ನಾಯಕರು ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ. ಮೇಲಿನ ಕಾವಲುಗಾರರನ್ನು ರಾಯನ ಪರ ನಿಂತ ಪೋರ್ಚುಗೀಸ್ ಕ್ರಿಸ್ಟೋವಾವ್ ದ ಫಿಗೆರೆದೊ ಮತ್ತವನ ಬಂದೂಕಿನವರು ತಲೆ ಎತ್ತಲು ಬಿಡಲಿಲ್ಲ. ಪೀಸ್‌ರೇಟಿನಲ್ಲಿ ಕೋಟೆ ಒಡೆದ ಕಥೆ ಇದು. ಗುತ್ತಿಗೆ ಕೆಲಸದವರಿದ್ದ ಗುಂಪಾದರೆ ಇಲ್ಲಿ ನಗು ಗ್ಯಾರಂಟಿ.

ತೀನ್ ಕಂದೀಲ್ ಬಜಾರಿನಲ್ಲಿ ಚಹಾ. ಏಕ್ ಮಿನಾರ್ ಮಸೀದಿಯಲ್ಲಿ ಹತ್ತು ನಿಮಿಷ: 1513ರದ್ದು, ಒಂದೇ ಮಿನಾರು, ಸುಮಾರು 65 ಅಡಿ, ಎರಡು ಅಂತಸ್ತು, ಪ್ರತಿ ಅಂತಸ್ತಿಗೂ ಹೊರಚಾಚಿದ ಕಲ್ಲಿನ ಕಟಾಂಜನ. ಅಷ್ಟರಲ್ಲಿ 9:30. ಕೋಟೆಯ ಮೇಲಿನ ಬಾಲಾ ಹಿಸಾರ್ ಗುಡ್ಡ ಕೈಬಿಟ್ಟೆ. ಹೊಟ್ಟೆಯಲ್ಲಿ ಎರಡೆರಡು ಮಿರ್ಚಿ, ಕೆಳಗಿನಿಂದ ಸುಮಾರು 290 ಅಡಿ ಎತ್ತರ, ನೆರಳಿಲ್ಲದ ಬಂಡೆ. ಅಜ್ಜಿಯನ್ನು ಹತ್ತಿಸುವ ಧೈರ್ಯ ಇರಲಿಲ್ಲ. ಆ್ಯಪಿನಲ್ಲಿ ಮೂರು ಸ್ಟಾರ್ ಬಂತು: "ಹಿಲ್ ವ್ಯೂ ತೋರಿಸಲಿಲ್ಲ. ಫುಡ್ ಲೇಟ್. ಬ್ಲ್ಯಾಂಕೆಟ್ ಅನುಭವ ಚೆನ್ನಾಗಿತ್ತು."

ಈಗ ನಾನು ನಡೆಸುವ ಬ್ಯಾಚುಗಳಲ್ಲಿ ಕಲ್ಲು ಮೊದಲು. ರಾತ್ರಿ ಬಸ್ಸಿನವರಾದರೆ ಚಹಾ, ಉಸ್ಮಾನಿಯಾ ಬಿಸ್ಕೀಟು, ಅಷ್ಟೇ. ನಡೆಯಲು ಅಷ್ಟು ಸಾಕು. ಮಿರ್ಚಿ ಕೊನೆಗೆ, ಗುಡ್ಡ ಇಳಿದ ಮೇಲೆ. ಹಿಂದಿನ ಸಂಜೆಯೇ ಕಾಕಾಗೆ ಫೋನು, ತಲೆ ಎಣಿಕೆ ಹೇಳಲು ಅಲ್ಲ, ಮಿರ್ಚಿ ಎಣಿಕೆ ಹೇಳಲು. ಗುಡ್ಡ ಇಳಿಯಲು ಶುರು ಮಾಡುವಾಗ ಇನ್ನೊಂದು ಮಿಸ್ಡ್ ಕಾಲ್. ಆಗ ಕಾಕಾ ಎಲ್ಲವನ್ನೂ ಅರ್ಧ ಕರಿದು ಜಾಲರಿ ಮೇಲೆ ಇಟ್ಟಿರುತ್ತಾರೆ. ನಾವು ಹೋಗಿ ನಿಂತ ಮೇಲೆ ಎರಡನೇ ಸಲ ಎಣ್ಣೆಗೆ ಬಿಟ್ಟರೆ ಒಬ್ಬೆಗೆ ಒಂದೂವರೆ ನಿಮಿಷ ಸಾಕು, ಮೇಲೆ ಇನ್ನೂ ಗರಿಗರಿ. ಒಗ್ಗರಣಿ ಮಾತ್ರ ಆರಾರು ಪ್ಲೇಟು, ಮಿರ್ಚಿ ಎದ್ದ ಮೇಲೇ. 20 ದಾಟಿದರೆ ಎರಡು ಬಂಡಿ. ಬ್ಯಾಗಿನಲ್ಲಿ ಒಂದು ಕರಿ ಬೆಡ್‌ಶೀಟ್ ಖಾಯಂ. ಅದರ 340 ರೂಪಾಯಿ ಬಿಲ್ ಕ್ಲೇಮ್ ಹಾಕಿದ್ದೆ. "ಲಿನನ್ ನಾಟ್ ಅಲೌಡ್" ಅಂತ ವಾಪಸ್ ಬಂದಿದೆ.

ಮೊನ್ನೆ ಹೊಸ ಸೀಸನ್ನಿನ ಶೀಟ್ ಬಂತು. "ಟೇಸ್ಟಿಂಗ್, 15 ನಿಮಿಷ" ಹಾಗೇ ಇದೆ. ಈ ಸಲ ಪಕ್ಕದಲ್ಲಿ ಮಿರ್ಚಿಯ ಫೋಟೋ ಹಾಕಿದ್ದಾರೆ. ಕಾಕಾಗೆ ತೋರಿಸಿದೆ. ಮೊಬೈಲ್ ದೂರ ಹಿಡಿದು ನೋಡಿ, "ಇದರಾಗ ಆಲೂಗಡ್ಡಿ ತುಂಬ್ಯಾರಲ್ಲೋ," ಅಂದು ಝಾರಾ ಕೈಗೆ ತಗೊಂಡರು.