ಎರಡು ಅಗಾರ್ ತುಂಡುಗಳು

ಬಿ.ಫಾರ್ಮ್ ಮೂರನೇ ವರ್ಷದ ಒಂದು ಮಧ್ಯಾಹ್ನ ನಮ್ಮ ಫಾರ್ಮಕಾಲಜಿ ಮೇಷ್ಟ್ರು ಎರಡು ಅಗಾರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ತುಂಡುಗಳನ್ನು ನೇರಳೆ ಪರ್ಮಾಂಗನೇಟ್ ನೀರಿಗೆ ಹಾಕಿದರು. ಗಂಟೆ ಹೊಡೆಯುವ ಮುನ್ನ ತೆಗೆದು ಬ್ಲೇಡಿನಿಂದ ಸೀಳಿದರು. ಒಂದರಲ್ಲಿ ಬಣ್ಣ ಅಂಚಿನಿಂದ ಒಳಕ್ಕೆ ದಪ್ಪಗೆ ಇಳಿದಿತ್ತು. ಇನ್ನೊಂದರಲ್ಲಿ ಅಂಚಿಗೆ ನೂಲಿನೆಳೆಯಷ್ಟು ನೇರಳೆ, ಒಳಗೆಲ್ಲ ಬಿಳಿಚು. ಅದಕ್ಕೆ ಮೊದಲೇ ಆಮ್ಲದ ಜೊತೆ ಫೆರಸ್ ಸಲ್ಫೇಟ್ ಬೆರೆಸಿದ್ದರು. ಇಳಿದ ಬಣ್ಣವನ್ನು ಅದು ದಾರಿಯಲ್ಲೇ ತಿಂದುಹಾಕಿತ್ತು. "ಮದ್ದು ಕೊಟ್ಟರೆ ಸಾಲದು, ಎಲ್ಲೀತನಕ ಹೋಯಿತು ಅಂತ ಕೇಳ್ರಿ" ಅಂದರು.

ನಾನು ಮಾನ್ವಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನ ಗದ್ದೆಗಳು ಕುಡಿದು ಮಿಕ್ಕರೆ ನಮಗೆ ನೀರು. ಆ ಬಿಳಿಚು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಯಾನ್ಸರ್ ಗಡ್ಡೆಯಲ್ಲೂ ಇಂಥ ಕೊನೇ ಗದ್ದೆಗಳಿವೆ. 1955ರಲ್ಲಿ ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ ಶ್ವಾಸಕೋಶದ ಗಡ್ಡೆಗಳನ್ನು ಅಳೆದು, ರಕ್ತನಾಳದಿಂದ 0.18 ಮಿ.ಮೀ. ಆಸುಪಾಸು ದೂರ ಹೋದರೆ ಜೀವಕೋಶಗಳು ಸತ್ತಿರುತ್ತವೆ ಎಂದು ತೋರಿಸಿದರು. ಅದಕ್ಕಿಂತ ತುಸು ಈಚೆ, ಆಮ್ಲಜನಕ ಸಾಲದೆ ಹೇಗೋ ಜೀವ ಹಿಡಿದಿರುವ ಕೋಶಗಳಿಗೆ ವಿಕಿರಣವೂ ಸರಿಯಾಗಿ ನಾಟುವುದಿಲ್ಲ. ಅವನ್ನೇ ಗುರಿಯಾಗಿಸಿ ಬಂದ ಮದ್ದು ಟೈರಪಜಮೀನ್. ಆಮ್ಲಜನಕ ಇದ್ದಲ್ಲಿ ಅದು ಮತ್ತೆ ಮೊದಲಿನ ರೂಪಕ್ಕೇ ಮರಳುತ್ತದೆ, ಇಲ್ಲದಲ್ಲಿ ಡಿಎನ್‌ಎ ಕತ್ತರಿಸುತ್ತದೆ. ಎಷ್ಟು ಚೆಂದದ ಯೋಚನೆ! ಆದರೆ ಅರೆಬರೆ ಆಮ್ಲಜನಕವಿರುವ ನಡುವಿನ ಕೋಶಗಳೇ ಅದನ್ನು ಖರ್ಚು ಮಾಡಿಬಿಡುತ್ತವೆ. ಎಲ್ಲಕ್ಕಿಂತ ಬೇಕಾದ ಕಡೆಗೆ ಅದು ತೀರ ತೆಳುವಾಗಿ ಮುಟ್ಟುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೋಶಗಳನ್ನು ಪದರಪದರವಾಗಿ ಬೆಳೆಸಿ, ಒಂದು ಕಡೆ ಮದ್ದು ಹಾಕಿ, ಇನ್ನೊಂದು ಕಡೆ ಎಷ್ಟು ಬಂತೆಂದು ಅಳೆದರು. ಆ ಪ್ರಬಂಧ ಓದಿದ ರಾತ್ರಿ ನನಗೆ ಮೇಷ್ಟ್ರ ಎರಡನೇ ತುಂಡೇ ಕಣ್ಣಮುಂದೆ. ತಲೆ-ಕುತ್ತಿಗೆ ಕ್ಯಾನ್ಸರಿನ 861 ರೋಗಿಗಳ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಗೆ ಟೈರಪಜಮೀನ್ ಸೇರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ.

ಇನ್ನೊಂದು ವಿಷಯ ನಾನು ಸ್ಲೈಡಿನಲ್ಲೇ ಕಂಡದ್ದು. ಪಿಮೊನಿಡಜೋಲ್ ಎಂಬ ಗುರುತುಮದ್ದು (ಭೇದಿಗೆ ನುಂಗುವ ಮೆಟ್ರೊನಿಡಜೋಲಿನ ಬಳಗದ್ದೇ) ಆಮ್ಲಜನಕ ತೀರ ಕಡಿಮೆ ಇದ್ದಲ್ಲಿ ಅಂಟಿಕೊಳ್ಳುತ್ತದೆ. ಇಲಿಯ ಆರೋಗ್ಯವಂತ ಯಕೃತ್ತಿನ ಸ್ಲೈಡ್ ಇಟ್ಟು ನೋಡಿದೆ: ಕೇಂದ್ರ ಅಭಿಧಮನಿಗಳ (ರಕ್ತ ಹೊರಹೋಗುವ ಸಣ್ಣ ನಾಳಗಳ) ಸುತ್ತ, ಮದ್ದು ಅಂಟಿದಲ್ಲಿ, ಕಂದು ಬಳೆಗಳು! ಗಡ್ಡೆಯೇ ಇಲ್ಲ, ಆದರೂ ಬಣ್ಣ; ಅಂದರೆ ಆರೋಗ್ಯವಂತ ಅಂಗದಲ್ಲೂ ಆಮ್ಲಜನಕ ಕಡಿಮೆ ಇರುವ ಜಾಗಗಳಿವೆ. ಕಣ್ಣಿನ ಅಕ್ಷಿಪಟಲವೂ ಹೀಗೆಯೇ; ಇಲಿಗಳಲ್ಲಿ ಟೈರಪಜಮೀನ್ ಅದಕ್ಕೆ ಹಾನಿ ಮಾಡಿದ್ದುಂಟು. ಗಡ್ಡೆಯ ಆಳಕ್ಕೆ ಇಳಿಯಬೇಕು, ಯಕೃತ್ತನ್ನೂ ಕಣ್ಣನ್ನೂ ಬಿಡಬೇಕು. ಎರಡನ್ನೂ ಒಟ್ಟಿಗೆ ಅಳೆಯದೆ ಡೋಸ್ ಕಟ್ಟಬಾರದೆಂಬುದು ನನ್ನ ಗಟ್ಟಿ ನಂಬಿಕೆ.

ಮೇಷ್ಟ್ರು ನಿವೃತ್ತರಾದರು. ಆ ಪ್ರಾಕ್ಟಿಕಲ್ ನಮ್ಮ ಕಾಲೇಜಿನಲ್ಲಿ ಈಗಲೂ ನಡೆಯುತ್ತಿದೆಯೇ? ನಿಂತಿದ್ದರೆ ಡಿಸೆಂಬರ್‌ನಲ್ಲಿ ಅಲ್ಲಿಗೆ ಬಂದಾಗ ನಾನೇ ಮಾಡಿ ತೋರಿಸುತ್ತೇನೆ. ಅಗಾರ್, ಬ್ಲೇಡು ನನ್ನವೇ. ಒಂದು ಮಧ್ಯಾಹ್ನ ಬಿಟ್ಟುಕೊಡಿ.