ಕಲಬುರಗಿ, ಬೀದರ್, ಯಾದಗಿರಿ ಸುತ್ತು: ಆರು ಟೈರಿನ ಮನೆಗಾಡಿ (ಕ್ಯಾರವಾನ್) ಒಯ್ಯುವವರಿಗೆ

ಕೆಂಪು ಬಾಳೆಹಣ್ಣು ತಗೊಳ್ಳೋಣ ಅಂತ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿದ್ದೆವು. ನಿಂತಾಗಲೆಲ್ಲ ಒಂದು ಸುತ್ತು ಹಾಕಿ ಟೈರ್ ಮುಟ್ಟಿ ನೋಡೋದು ನನ್ನ ಚಟ. ಉಳಿದವೆಲ್ಲ ಸುಮ್ನೆ ಬೆಚ್ಚಗಿದ್ದವು. ಎಡಗಡೆ ಹಿಂದಿನ ಹೊರಗಿನ ಟೈರ್ ಮಾತ್ರ ಕೈ ಇಡೋಕೆ ಆಗದಷ್ಟು ಸುಡುತ್ತಿತ್ತು. "ಬಿಸಿಲಿಗೆ ಇರಬೇಕು ಬಿಡು" ಅಂದರು ಭಾವ. ಮಾರ್ಚ್ ತಿಂಗಳು, ಕಲಬುರಗಿ ಸೀಮೆ, ಹೌದು. ಆದರೆ ಬೆಳಿಗ್ಗೆ ಒಂಬತ್ತಕ್ಕೆ, ಅದೂ ನೆರಳಿನ ಮಗ್ಗುಲಿನ ಟೈರಿಗೆ ಎಲ್ಲಿಯ ಬಿಸಿಲು?

ಗಾಡಿಯ ಅಡಿ ಬಗ್ಗಿ ನೋಡಿದೆ. ಇಂಥ ಗಾಡಿಗೆ ಹಿಂದೆ ಒಂದೊಂದು ಮಗ್ಗುಲಿಗೂ ಎರಡೆರಡು ಟೈರ್. ಸುಡುತ್ತಿದ್ದ ಟೈರಿನ ಜೋಡಿ, ಅಂದರೆ ಒಳಗಿನ ಟೈರ್, ಹವಾ ಇಳಿದು ಮೆತ್ತಗಾಗಿತ್ತು. ಇಬ್ಬರ ಭಾರವನ್ನು ಹೊರಗಿನವನೊಬ್ಬನೇ ಹೊತ್ತು ಓಡುತ್ತಿದ್ದ. ರಸ್ತೆ ಬದಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗಾಡಿ ವಾಲುವುದೂ ಇಲ್ಲ.

ಹಿಂದಿನ ದಿನವಷ್ಟೇ ಒಂದು ಅಂಗಡಿಯಲ್ಲಿ ಟೈರ್ ರೊಟೇಶನ್, ಅಂದರೆ ಟೈರುಗಳ ಜಾಗ ಅದಲುಬದಲು, ಮಾಡಿಸಿದ್ದೆವು. ಜೋಡಿ ಕೂರಿಸುವಾಗ ಒಳಗಿನ ವಾಲ್ವ್ ರಿಮ್ಮಿನ ಕಿಂಡಿಗೆ ಸರಿಯಾಗಿ ಬರದೆ ಮರೆಯಾಗಿತ್ತು. ಹವಾ ಅಳೆಯುವ ಗೇಜ್ ಹಾಕಲು ಜಾಗವೇ ಇಲ್ಲ. ಹಾಗಾಗಿ ಅಂಗಡಿಯವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ವಾಲ್ವ್ ಪಿನ್ ಸಡಿಲವಿತ್ತು, ಮೇಲೆ ಕ್ಯಾಪೂ ಇರಲಿಲ್ಲ. ರೊಟೇಶನ್ ಆದ ಮೇಲೆ ದುಡ್ಡು ಕೊಡುವ ಮುಂಚೆ ಆರೂ ವಾಲ್ವಿಗೆ ನೀವೇ ಗೇಜ್ ಹಾಕಿ ನೋಡಿ. ಒಂದಕ್ಕೆ ಕೈ ಹೋಗದಿದ್ದರೂ ಮತ್ತೆ ಬಿಚ್ಚಿಸಿ. ಎರಡು ವಾಲ್ವ್ ಎದುರುಬದುರು ಕಿಂಡಿಯಲ್ಲಿದ್ದರೆ ಒಳ್ಳೆಯದು. ಒಳಗಿನದಕ್ಕೆ ಲೋಹದ ಎಕ್ಸ್‌ಟೆನ್ಶನ್ ಹಾಕಿಸಿಕೊಂಡರೆ ದಿನಾ ಮಲಗಿ ಎದ್ದೇಳುವ ಕಷ್ಟ ತಪ್ಪುತ್ತದೆ.

ಹತ್ತಿರದ ಪಂಚರ್ ಅಂಗಡಿಯ ಹುಡುಗನಿಗೆ "ಬೇಗ ಹವಾ ಹೊಡಿಯಪ್ಪ, ಬೀದರ್‌ಗೆ ಹೋಗಬೇಕು" ಅಂದೆ. ಅವನು ಪೈಪ್ ಮುಟ್ಟಲೇ ಇಲ್ಲ. "ಹಂಗೇ ಹೊಡಿಬಾರದ್ರಿ ಅಣ್ಣಾರ, ಬಿಚ್ಚಿ ನೋಡೂಣು" ಅಂದ. ಹವಾ ಇಲ್ಲದೆ ಓಡಿದ ಟೈರಿನ ಪಕ್ಕದ ಗೋಡೆಯಲ್ಲಿ ತಂತಿ ಬಳಲಿರುತ್ತದೆ. ಅದಕ್ಕೆ ಹಾಗೇ 90 ಪಿಎಸ್‌ಐ (ಹವಾದ ಒತ್ತಡದ ಅಳತೆ) ತುಂಬಿಸಿದರೆ ಹರಿದು ಸಿಡಿಯಬಹುದು, ಮುಂದೆ ಕೂತವನ ಪ್ರಾಣಕ್ಕೇ ಕುತ್ತು. ಟೈರ್ ಬಿಚ್ಚಿ ಒಳಗೆ ಕೈಯಾಡಿಸಿ ಅಂಗೈ ತೋರಿಸಿದ. ಬರೀ ಧೂಳು. ರಬ್ಬರ್ ಉದುರಿದ ಕರಿ ಪುಡಿ ಬಂದಿದ್ದರೆ ಆ ಟೈರ್ ಗುಜರಿಗೇ ಹೋಗುತ್ತಿತ್ತು. ಗೋಡೆಯಲ್ಲಿ ಸುಕ್ಕು, ಉಬ್ಬು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಹೊಸ ಪಿನ್ ಹಾಕಿ ಕೂರಿಸಿದ. ಸುಸಲಾ, ಮಿರ್ಚಿ ತಿಂದು ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು.

ಜಾಕ್ ಇಡುವಾಗ ಮಾತ್ರ ನಾನು ಜಾಣತನ ತೋರಿಸಲು ಹೋದೆ. ನೆಲ ಎರೆ ಮಣ್ಣು, ಜಾಕ್ ಹೂತುಕೊಳ್ಳುತ್ತದೆ ಅಂತ ಪಕ್ಕದಲ್ಲಿ ಬಿದ್ದಿದ್ದ ಪರ್ಸಿ ಕಲ್ಲು (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ತಂದು ಅಡಿಗಿಟ್ಟೆ. ಭಾರ ಬೀಳುತ್ತಲೇ ಕಲ್ಲು ಟಪ್ ಅಂತ ಎರಡು ಹೋಳು. ಪುಣ್ಯಕ್ಕೆ ಚಕ್ರ ಇನ್ನೂ ನೆಲದಲ್ಲೇ ಇತ್ತು. ಎರಡಿಂಚು ದಪ್ಪದ ಮರದ ಹಲಗೆ ಎರಡು ಗಾಡಿಯಲ್ಲೇ ಇರಲಿ.

ಹೊರಡುವ ಮುಂಚಿನ ಮಾತಿಗೆ ಬರುತ್ತೇನೆ. ನಮ್ಮದು ಹಳೆ ಮಿನಿ ಬಸ್ಸಿನ ಮೇಲೆ ಕಟ್ಟಿಸಿದ ಕ್ಯಾರವಾನ್. ಹಾಸಿಗೆ, ಅಡುಗೆ ಕಟ್ಟೆ, ಬ್ಯಾಟರಿ, 300 ಲೀಟರ್ ನೀರಿನ ಟ್ಯಾಂಕ್. ನೀರೇ 300 ಕಿಲೋ ಆಯಿತು, ಅದೂ ಎಡ ಮಗ್ಗುಲಲ್ಲಿ! ಇಂಥ ಗಾಡಿಯ ತೂಕ ಅಂದಾಜಿನಲ್ಲಿ ಹೇಳೋಕಾಗಲ್ಲ. ಕಲಬುರಗಿ ತೊಗರಿಯ ಊರು. ದಾಲ್ ಮಿಲ್‌ಗಳ ಕಡೆ ಹೋದರೆ ಲಾರಿ ತೂಗುವ ವೇ ಬ್ರಿಡ್ಜಿಗೆ ಬರವಿಲ್ಲ. ನೀರು, ಗ್ಯಾಸ್, ಜನ ಎಲ್ಲ ತುಂಬಿಕೊಂಡೇ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನ ತೂಕ ಸಿಕ್ಕಿತು. ಟೈರಿನ ಗೋಡೆ ಮೇಲೆ ಒಂಟಿಯಾಗಿ ಎಷ್ಟು, ಜೋಡಿಯಾಗಿ ಎಷ್ಟು ಹೊರುತ್ತದೆ ಅಂತ ಎರಡು ಅಂಕಿ ಇರುತ್ತವೆ. ಜೋಡಿಯ ಅಂಕಿ ಕಡಿಮೆ. ನಾವು ಕಂಪನಿಯ ಚಾರ್ಟ್ ನೋಡಿ ಹವಾ ಮುಂದೆ 95, ಹಿಂದೆ 90 ಪಿಎಸ್‌ಐ ಇಟ್ಟೆವು. ಇದು ನಮ್ಮ ಗಾಡಿಯ ಲೆಕ್ಕ, ದಯವಿಟ್ಟು ಕಾಪಿ ಹೊಡೆಯಬೇಡಿ.

ರೊಟೇಶನ್ ಮಾಡುವಾಗ ಕಾರಿನ ಲೆಕ್ಕ ಇಲ್ಲಿ ನಡೆಯಲ್ಲ. ಮುಂದಿನ ಎರಡು ಟೈರ್ ಅಂಚಿನಲ್ಲಿ ಒಂದೇ ಸಮ ಸವೆದಿದ್ದವು. ಅವನ್ನು ಬೇರೆ ಬೇರೆ ಮಾಡದೆ ಒಂದೇ ಜೋಡಿಯಾಗಿ ಎಡಗಡೆ ಹಿಂದಕ್ಕೆ ಹಾಕಿಸಿ, ಅಲ್ಲಿದ್ದ ಜೋಡಿಯನ್ನು ಮುಂದಕ್ಕೆ ತಂದೆವು. ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಆದರೆ ದೊಡ್ಡದು ಭಾರ ಹೊತ್ತು ಸಾಯುತ್ತದೆ, ಚಿಕ್ಕದು ಉಜ್ಜಿಕೊಂಡು ಸವೆಯುತ್ತದೆ. ಟೇಪಿನಲ್ಲಿ ಸುತ್ತಳತೆ ನೋಡಿ. ಎರಡು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಎರಡನ್ನು ಜೋಡಿ ಮಾಡಬೇಡಿ. ರೀಟ್ರೆಡ್ ಟೈರ್ (ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ್ದು) ಮುಂದೆ ಬೇಡವೇ ಬೇಡ. ಜಾಗ ಬದಲಾದ ಮೇಲೆ ಹವಾನೂ ಆ ಜಾಗದ ಲೆಕ್ಕಕ್ಕೆ ಸರಿ ಮಾಡಿಸಿ. 80-100 ಕಿ.ಮೀ. ಓಡಿದ ಮೇಲೆ ನಟ್ ಮತ್ತೊಮ್ಮೆ ಬಿಗಿ ಮಾಡಿ. ನಮಗೆ ಅದು ಹುಮನಾಬಾದ್ ದಾಟಿದ ಮೇಲೆ ಬಂತು. ಎರಡು ನಟ್ ಕಾಲು ಸುತ್ತು ತಿರುಗಿದವು. ಕೆಲವು ಹಳೆ ಗಾಡಿಗಳಲ್ಲಿ ಎಡಗಡೆ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಗಿ ಮಾಡಲು ಹೋಗಿ ಬಿಚ್ಚೀರಿ!

ಇಷ್ಟಾಗಿಯೂ ಕ್ಯಾರವಾನ್ ಟೈರ್ ಸವೆದು ಹೋಗುವುದು ಕಡಿಮೆ, ನಿಂತು ನಿಂತು ಮುದಿಯಾಗುವುದೇ ಜಾಸ್ತಿ. ಗೋಡೆ ಮೇಲೆ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ರ 23ನೇ ವಾರ. ನಮ್ಮ ಸ್ಟೆಪ್ನಿ ನೋಡಲು ಹೊಚ್ಚ ಹೊಸದು, ತಾರೀಖು ನೋಡಿದರೆ ಹನ್ನೊಂದು ವರ್ಷದ್ದು. ಬದಲಿಸಿದೆವು.

ಬೀದರ್‌ನಲ್ಲಿ ಗಾಡಿ ಊರ ಹೊರಗೆ ನಿಲ್ಲಿಸಿ ಆಟೋ ಹಿಡಿಯಿರಿ. ಊರ ನಡುವಿನ ಹಳೆ ಕಾವಲು ಗೋಪುರ ಚೌಬಾರಾ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ಸುತ್ತಮುತ್ತ ಗಲ್ಲಿಗಳು ಕಿರಿದು. ಕೋಟೆಯ ಬಾಗಿಲುಗಳಂತೂ ಶತ್ರುವಿಗೆ ತಿರುಗಾಡಲು ಕಷ್ಟವಾಗಲಿ ಅಂತಲೇ ಕಟ್ಟಿದವು, ನಮ್ಮ ಗಾಡಿಗೆ ಸಲೀಸು ಆಗುತ್ತಾ? ಅಷ್ಟೂರಿನ ಬಹಮನಿ ಗುಮ್ಮಟಗಳನ್ನು ಬಿಡಬೇಡಿ. ಸಿಡಿಲು ಬಡಿದು ಅರ್ಧ ಸೀಳಿದ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಮುಂದೆ ನಾವು ಒಂದು ತಾಸು ಕೂತಿದ್ದೆವು.

ಬೀದರ್‌ನಿಂದ ಚಿಂಚೋಳಿ, ಸೇಡಂ ಮೇಲೆ ಯಾದಗಿರಿಗೆ ಇಳಿದೆವು. ಸೇಡಂ ಬಂದಂತೆ ಸಿಮೆಂಟ್ ಲಾರಿ, ಪರ್ಸಿ ಕಲ್ಲಿನ ಲಾರಿ. ರಸ್ತೆ ಅಂಚಿನಲ್ಲಿ ಬಿದ್ದ ಚಪ್ಪಟೆ ಚೂರುಗಳು ಜೋಡಿ ಟೈರಿನ ನಡುವೆ ಸಿಕ್ಕಿಕೊಂಡು ಗೋಡೆ ಕೊಯ್ಯುತ್ತವೆ. ಪ್ರತಿ ನಿಲುಗಡೆಯಲ್ಲಿ ಟಾರ್ಚ್ ಹಾಕಿ ನೋಡಿ. ನಮಗೆ ಒಂದು ಸಿಕ್ಕಿತು, ಅಂಗೈಯಷ್ಟು ಅಗಲ. ಅದನ್ನು ಕೀಳಲು ಕಬ್ಬಿಣದ ಸಲಾಕೆ ಬೇಕಾಯಿತು.

ಹವಾ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. ಮಧ್ಯಾಹ್ನ ಓಡಿದ ಮೇಲೆ ಹತ್ತು ಪಿಎಸ್‌ಐ ಏರಿದ್ದು ಕಂಡು ಗಾಬರಿಯಾಗಿ ಹವಾ ಇಳಿಸಬೇಡಿ, ಅದು ಏರಲೇಬೇಕು. ನಮಗೆ ಸಿಕ್ಕ ಎರಡು ಬಂಕುಗಳಲ್ಲಿ ಹವಾ 60 ದಾಟಲಿಲ್ಲ. ಲಾರಿಯವರು ನಿಲ್ಲುವ ಪಂಚರ್ ಅಂಗಡಿಯೇ ಗತಿ.

ಯಾದಗಿರಿ ಕೋಟೆ ಬಿಸಿಲೇರುವ ಮುಂಚೆ ಹತ್ತಿ ಮುಗಿಸಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ದೂರದಿಂದ ನೋಡಿದರೇ ಚೆಂದ. ಆದರೆ ಫೋಟೋಕ್ಕೆ ಅಂತ ಹೊಲದ ಅಂಚಿಗೆ ಗಾಡಿ ಇಳಿಸಬೇಡಿ. ರಾತ್ರಿ ನೀರು ಬಿಟ್ಟ ಎರೆ ಹೊಲ ಮೇಲೆ ಒಣಗಿದಂತೆ ಕಾಣುತ್ತದೆ. ನಮ್ಮನ್ನು ಎಳೆದು ಹಾಕಲು ಟ್ರ್ಯಾಕ್ಟರ್ ಬಂತು. ಜೇವರ್ಗಿ ದಾಟಿ ಭೀಮಾ ಸೇತುವೆ ಬರುವವರೆಗೂ ಟೈರಿನಿಂದ ಮಣ್ಣಿನ ಹೆಂಟೆ ಉದುರುತ್ತಲೇ ಇತ್ತು.