ಮಾಂಡವಿಯ ಆಚೆ ದಡದ ಪಾಠಗಳು

ನಮ್ಮ ಇತಿಹಾಸದ ಮೇಡಂ ಅರ್ಧ ಪಾಠವನ್ನು ಪಣಜಿಯ ತರಗತಿಯಲ್ಲಿ ಮಾಡಿದರೆ, ಉಳಿದರ್ಧವನ್ನು ಮಾಂಡವಿ ಹೊಳೆಯ ದಿವಾಡಿ ದ್ವೀಪದಲ್ಲಿ ಮಾಡುತ್ತಿದ್ದರು. ಹಳೆ ಗೋವಾದಲ್ಲಿ ಫೆರಿ ಹತ್ತಿದರೆ ಸ್ವಲ್ಪ ಹೊತ್ತಿಗೆ ಆಚೆ ದಡ.

ಇಳಿದ ಕೂಡಲೇ ಕಾಣುವುದು ಖಾಜಾನ್ ಗದ್ದೆ. ಉಪ್ಪುನೀರಿನ ಹೊಳೆಯ ಮಗ್ಗುಲಲ್ಲೇ ಭತ್ತ ಹೇಗೆ ಬೆಳೆಯುತ್ತದೆಂದು ಅಲ್ಲಿನ ರೈತರೊಬ್ಬರು ನಮ್ಮನ್ನು ಮಾನಸದ ಬಳಿ ನಿಲ್ಲಿಸಿ ತೋರಿಸಿದ್ದರು. ಅದು ಒಡ್ಡಿನಲ್ಲಿ ಕೂರಿಸಿದ ಮರದ ಬಾಗಿಲು. ಉಬ್ಬರ ಬಂದಾಗ ಹೊಳೆಯ ನೀರೇ ಅದನ್ನು ತಳ್ಳಿ ಮುಚ್ಚುತ್ತದೆ. ಇಳಿತದಲ್ಲಿ ಗದ್ದೆಯ ನೀರು ಅದನ್ನು ತೆರೆದುಕೊಂಡು ಹೊರಗೆ ಹರಿಯುತ್ತದೆ. ಒಡ್ಡು ಒಂದು ಕಡೆ ಒಡೆದರೂ ಅಕ್ಕಪಕ್ಕದವರ ಗದ್ದೆಗಳೆಲ್ಲ ಉಪ್ಪಾಗುತ್ತವೆ. ಹಾಗಾಗಿ ಊರವರೇ ಕೂಡಿ ಕಾಯ್ದುಕೊಂಡು ಬಂದ ವ್ಯವಸ್ಥೆ ಇದು, ಪೋರ್ಚುಗೀಸರಿಗಿಂತಲೂ ಹಳೆಯದು. ದಿವಾಡಿಯ ಪರಂಪರೆ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಗೋವೆಯ ಕದಂಬರ ಕುಲದೇವರು ಸಪ್ತಕೋಟೀಶ್ವರ ಇದ್ದದ್ದೂ ಈ ದ್ವೀಪದಲ್ಲೇ. ಅವರ ಚಿನ್ನದ ನಾಣ್ಯಗಳ ಮೇಲೂ ಅವನ ಹೆಸರಿದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ಲಿಂಗವನ್ನು ಹೊಳೆ ದಾಟಿಸಿ ಡಿಚೋಲಿ ಕಡೆಯ ನಾರ್ವೆಗೆ ಒಯ್ದರು. 1668ರಲ್ಲಿ ಅಲ್ಲಿನ ಗುಡಿಯ ಜೀರ್ಣೋದ್ಧಾರ ಮಾಡಿಸಿದವರು ಶಿವಾಜಿ ಮಹಾರಾಜರು. ದ್ವೀಪದ ಗಣಪತಿಯೂ ಹೀಗೆಯೇ ಹೊಳೆ ದಾಟಿ ಕಡೆಗೆ ಖಾಂಡೋಳೆಯಲ್ಲಿ ನೆಲೆಯಾದ.

ದ್ವೀಪದ ಪಿಯೆದಾದ್ ಗುಡ್ಡದ ಚರ್ಚಿನ ಸ್ಮಶಾನದಲ್ಲೊಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಒಳಗೆ ಹೋಗಿ ಕತ್ತೆತ್ತಿದರೆ ಕದಂಬರ ಕಾಲದ ಕೆತ್ತನೆಯ ಚಾವಣಿ! ನನ್ನ ಅಜ್ಜನ ಊರು ಕಿತ್ತೂರಿನ ಹತ್ತಿರ. ಅಲ್ಲಿಯ ದೇಗಾಂವಿಯ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಇದೇ ಮನೆತನದ ರಾಣಿ. ಕೊಂಕಣಿ ಮನೆಮಾತಿನ ನಮ್ಮ ಮೇಡಂಗೆ ಅದು ಗೊತ್ತಿತ್ತು. “ನಿಮ್ಮೂರಿನ ಗುಡಿ, ಈ ಚಾವಣಿ, ಎರಡೂ ಒಂದೇ ಮನೆಯವು” ಎಂದರು. ವಾಸ್ಕೋದ ಬಾಡಿಗೆ ಮನೆಯಲ್ಲಿ ಬೆಳೆದು, ‘ನೀವು ಘಾಟಿಯವರು’, ಅಂದರೆ ಘಟ್ಟದ ಮೇಲಿನಿಂದ ಬಂದ ಹೊರಗಿನವರು, ಎಂದು ಕೇಳಿಸಿಕೊಂಡಿದ್ದ ನನಗೆ ಆ ಮಾತು ಎಷ್ಟು ದೊಡ್ಡದಾಗಿತ್ತು ಎಂದು ಅವರಿಗೆ ಹೇಳುವ ಧೈರ್ಯ ಆಗ ಬರಲಿಲ್ಲ. ಈ ಸಂಚಿಕೆಯ ಮೂಲಕ ಹೇಳುತ್ತಿದ್ದೇನೆ, ಮೇಡಂ.

ಈಗಿನ ವಿದ್ಯಾರ್ಥಿಗಳು ಆಗಸ್ಟಿನ ಬೊಂದೇರಾ ಹಬ್ಬಕ್ಕೆ ಗುಂಪು ಕಟ್ಟಿಕೊಂಡು ಹೋಗುತ್ತಾರೆಂದು ಕೇಳಿದ್ದೇನೆ. ಊರಿನ ಗಡಿ ಜಗಳಗಳ ನೆನಪಿಗೆ ಬಾವುಟ ಹಿಡಿಯುವ ಹಬ್ಬ ಅದು, ಖಂಡಿತ ನೋಡಬೇಕು. ಆದರೆ ಹಬ್ಬವಿಲ್ಲದ ಒಂದು ದಿನವೂ ಹೋಗಿ. ಇಳಿತದ ಹೊತ್ತು ವಿಚಾರಿಸಿಕೊಂಡು ಒಡ್ಡಿನ ಮೇಲೆ ನಡೆಯಿರಿ, ಗದ್ದೆಯಲ್ಲಿ ಯಾರಾದರೂ ಸಿಕ್ಕರೆ ಮಾತನಾಡಿಸಿ.